ಹುಂಜ ನೋಡುವ ಮೊದಲು ಹೇಂಟೆಯ ಬೆನ್ನು ನೋಡಿ

“ಡಾಕ್ಟ್ರೇ, ದಿನಾ ಹತ್ತು ಸಲ ಮೆಟ್ಟುತ್ತೆ ಹುಂಜ. ಹನ್ನೆರಡು ಮೊಟ್ಟೆ ಕಾವಿಗಿಟ್ಟರೆ ಎರಡೇ ಮರಿ. ಹುಂಜದಲ್ಲೇ ಏನೋ ದೋಷ ಇದೆ, ಸೂಜಿ ಹಾಕಿ.”

ಹಿತ್ತಲಲ್ಲಿ ಕೋಳಿ ಸಾಕುವವರಿಂದ ನಾನು ಆಗಾಗ ಕೇಳುವ ದೂರು ಇದು. ಈ ಅಮ್ಮನ ಮನೆಯಲ್ಲಿದ್ದದ್ದು ನಾಲ್ಕು ನಾಟಿ ಹೇಂಟೆ, ಎರಡು ಗಿರಿರಾಜ ಎಂಬ ಭಾರಿ ಮೈಯ ತಳಿಯ ಹುಂಜ. ಹುಂಜದ ತಂಟೆಗೇ ಹೋಗದೆ ಒಂದು ಹೇಂಟೆ ಹಿಡಿದು ನೋಡಿದೆ. ಬೆನ್ನು ಬೋಳು, ಚರ್ಮ ಕೆಂಪು. ರೆಕ್ಕೆ ಎತ್ತಿದರೆ ಪಕ್ಕೆಯಲ್ಲಿ ಉಗುರು ಸೀಳಿದ ಗಾಯ. ಉತ್ತರ ಅರ್ಧ ಅಲ್ಲೇ ಸಿಕ್ಕಿತು.

ಮೆಟ್ಟಿದ್ದೆಲ್ಲ ಕೂಡಿದ್ದಲ್ಲ. ಹುಂಜಕ್ಕೆ ಹೊರಚಾಚುವ ಅಂಗವಿಲ್ಲ. ಕೊಕ್ಕಿನಲ್ಲಿ ಹೇಂಟೆಯ ಕತ್ತಿನ ಗರಿ ಹಿಡಿದು, ಎರಡೂ ಕಾಲು ಬೆನ್ನ ಮೇಲೂರಿ, ತನ್ನ ಹಿಂಭಾಗದ ದ್ವಾರವನ್ನು ಅದರ ದ್ವಾರಕ್ಕೆ ಒಂದು ಕ್ಷಣ ತಾಗಿಸಬೇಕು. ಅಷ್ಟರಲ್ಲೇ ವೀರ್ಯ ದಾಟಬೇಕು. ಅದಕ್ಕೆ ಹೇಂಟೆ ಕುಕ್ಕರಿಸಿ ಬಾಲ ಸರಿಸಿಕೊಡಬೇಕು. ಒಂದೂವರೆ ಕೆಜಿಯ ನಾಟಿ ಹೇಂಟೆಯ ಮೇಲೆ 4 ಕೆಜಿಯ ಗಿರಿರಾಜ ಏರಿದರೆ ಕಾಲು ಜಾರುತ್ತದೆ, ಉಗುರು ಚರ್ಮ ಸೀಳುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಸಾಲದ್ದಕ್ಕೆ ಒಂದು ಏರುತ್ತಿದ್ದಂತೆ ಇನ್ನೊಂದು ಓಡಿಬಂದು ತಳ್ಳುತ್ತದೆ. ನಾವು ನಿಂತು ನೋಡಿದ ಅರ್ಧ ಗಂಟೆಯಲ್ಲೇ ಮೂರು ಸಲ ಹೀಗಾಯಿತು.

ಅನುಭವಸ್ಥ ಹುಂಜ ಹೀಗೆ ಮುಗಿಬೀಳುವುದಿಲ್ಲ. ಹುಳ ಸಿಕ್ಕರೆ ತಾನು ತಿನ್ನದೆ ಕೊಕ್ ಕೊಕ್ ಎಂದು ಹೇಂಟೆಯನ್ನು ಕರೆಯುತ್ತದೆ. ಒಂದು ರೆಕ್ಕೆ ಇಳಿಬಿಟ್ಟು ಸುತ್ತು ಹಾಕುತ್ತದೆ. ಐದು ತಿಂಗಳ ಪಡ್ಡೆ ಹುಂಜಕ್ಕೆ ಈ ನಾಜೂಕು ಇನ್ನೂ ಬಂದಿರುವುದಿಲ್ಲ, ಅಟ್ಟಿಸಿಕೊಂಡು ಹೋಗುವುದೊಂದೇ ಗೊತ್ತು. ಹೇಂಟೆಯೂ ಸುಮ್ಮನಿರುವ ಪ್ರಾಣಿಯಲ್ಲ. ತನಗೆ ಬೇಡದ, ಗುಂಪಿನಲ್ಲಿ ಕೆಳಗಿನ ಸ್ಥಾನದ ಹುಂಜ ಬಲವಂತವಾಗಿ ಮೆಟ್ಟಿದರೆ ಅದರ ವೀರ್ಯವನ್ನು ಹೊರಹಾಕಿಬಿಡಬಲ್ಲದು. ಇದನ್ನು ಹೇಳಿದಾಗ ಆ ಅಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಬರೀ ಮೊಟ್ಟೆಗಾದರೆ ಅದೂ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿಗೂ ದಿನಾ ಕೂಡಬೇಕಿಲ್ಲ. ಹೇಂಟೆಯ ಮೊಟ್ಟೆನಾಳದಲ್ಲಿ ವೀರ್ಯ ಕಾಪಿಡುವ ಸೂಕ್ಷ್ಮ ಕೊಳವೆಗಳಿವೆ. ಒಮ್ಮೆ ಸರಿಯಾಗಿ ಕೂಡಿದರೆ ಎರಡು ಮೂರು ದಿನದಲ್ಲಿ ಫಲ ಕಟ್ಟಿದ ಮೊಟ್ಟೆ ಶುರುವಾಗಿ ವಾರಕ್ಕೂ ಹೆಚ್ಚು ಕಾಲ ಬರುತ್ತದೆ. ತಳಿಗಾಗಿ ಹುಂಜ ಬದಲಿಸಿದವರು ಮೂರು ವಾರ ಕಾದು ಮೊಟ್ಟೆ ಕೂಡಿಡುವುದು ಇದೇ ಕಾರಣಕ್ಕೆ. ಇಲ್ಲದಿದ್ದರೆ ಹಳೆಯ ಹುಂಜದ ಮರಿಯೂ ಹುಟ್ಟೀತು.

ಹಾಗೆಂದು ಮರಿಯಾಗದ್ದಕ್ಕೆಲ್ಲ ಹುಂಜವೇ ಹೊಣೆಯಲ್ಲ. ಕಾವಿಗಿಟ್ಟ ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಜೇಡದ ಕಾಲಿನಂತೆ ರಕ್ತನಾಳ ಕಂಡರೆ ಮರಿ ಬೆಳೆಯುತ್ತಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಹೆಚ್ಚಾಗಿ ಫಲವೇ ಕಟ್ಟಿಲ್ಲ. ರಕ್ತದ ಉಂಗುರ ಕಂಡರೆ ಫಲ ಕಟ್ಟಿ ಮರಿ ಸತ್ತಿದೆ. ಆಗ ಕಾವು, ಮೊಟ್ಟೆ ಇಟ್ಟ ಜಾಗದ ಬಿಸಿ, ತಾಯಿಯ ಮೇವು ಇವುಗಳ ಕಡೆ ನೋಡಬೇಕು. ಕಡುಬೇಸಿಗೆಯಲ್ಲಿ ಹುಂಜದ ವೀರ್ಯವೂ ಸೊರಗುತ್ತದೆ, ಮೊಟ್ಟೆಯೂ ಬೇಗ ಕೆಡುತ್ತದೆ. ಹಿಂಭಾಗದ ಗರಿಯಲ್ಲಿ ಹೇನು ಮುತ್ತಿದ್ದರೆ ಕೂಡಲು ಎರಡಕ್ಕೂ ಬೇಸರ. ಆ ಅಮ್ಮನ ಮನೆಯಲ್ಲಿ ಮರಿಯಾಗದೆ ಉಳಿದ ಮೊಟ್ಟೆಗಳು ತಿಳಿಯಾಗೇ ಇದ್ದವಂತೆ.

ಗಾಯದ ಹೇಂಟೆಗಳನ್ನು ಬೇರೆ ಗೂಡಿಗೆ ಹಾಕಿಸಿದೆ. ಕೆಂಪು ಕಂಡರೆ ಉಳಿದವು ಕುಕ್ಕಿ ಕುಕ್ಕಿ ದೊಡ್ಡದು ಮಾಡುತ್ತವೆ, ನೊಣ ಕೂತರೆ ಹುಳ ಬೀಳುತ್ತದೆ. ಬುಡಸಮೇತ ಕಿತ್ತ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಮುರಿದದ್ದು ಮಾತ್ರ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ. ಹುಂಜದ ಉಗುರಿನ ಮೊನೆ ಉಜ್ಜಿದೆ, ಕಾಲಮುಳ್ಳಿನದ್ದೂ ತುದಿ ಮಾತ್ರ. ಅದರ ಒಳಗೆ ಮೂಳೆಯಿದೆ, ರಕ್ತವಿದೆ, ಕುಡುಗೋಲು ಹಾಕಬೇಡಿ.

ಎರಡನೇ ಹುಂಜ ಭಾನುವಾರದ ಸಾರಿಗೆ ಹೋಯಿತು. ಉಳಿದದ್ದನ್ನು ಬೇರೆ ಕಟ್ಟಿ, ಗಾಯ ಮಾಗಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಸಂಜೆ ಒಂದು ಗಂಟೆ ಬಿಡಲು ಹೇಳಿದೆ. ಆ ಹೊತ್ತಿಗೆ ಹೇಂಟೆಗಳು ಮೊಟ್ಟೆ ಇಟ್ಟು ಮುಗಿಸಿರುತ್ತವೆ, ಹುಂಜವೂ ಸಂಜೆಗೇ ಹೆಚ್ಚು ಹುರುಪಿನಲ್ಲಿರುತ್ತದೆ. ಆದರೂ ನಾಟಿ ಹೇಂಟೆಗೆ ನಾಟಿ ಹುಂಜವೇ ಸರಿ. ಸಂತೆಯಲ್ಲಿ ಒಂದು ನೋಡಿ ಎಂದೆ. “ಇದನ್ನೇನು ಮಾಡ್ಲಿ ಡಾಕ್ಟ್ರೇ?” ಎಂದು ಅವರು ಗೂಡಿನ ಕಡೆ ಕೈ ತೋರಿಸಿದರು. ಅದಕ್ಕೂ ಭಾನುವಾರ ಬರುತ್ತದಲ್ಲ ಎಂದೆ.