ವರದಿಯಲ್ಲಿ ಮೂರು ಹೆಸರು, ಮಗುವಿಗೆ ಒಂದೇ ನೆಗಡಿ

ಮೃಗಶಿರಾ ಮಳೆ ಹಿಡಿದು, ಶಾಲೆ ಮತ್ತು ಅಂಗನವಾಡಿಗಳು ಆರಂಭವಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಹುಬ್ಬಳ್ಳಿಯ ನನ್ನ ದವಾಖಾನೆಯ ಬೆಂಚುಗಳು ಮೂಗು ಸೋರುವ ಮಕ್ಕಳಿಂದ ತುಂಬುತ್ತವೆ. ಈಚಿನ ವರ್ಷಗಳಲ್ಲಿ ಪಾಲಕರ ಕೈಯಲ್ಲಿ ಒಂದು ಹೊಸ ಕಾಗದವೂ ಕಾಣುತ್ತಿದೆ. ಅದು ಮೂಗಿನ ದ್ರವವನ್ನು ತೆಗೆದು ಹತ್ತಾರು ರೋಗಾಣುಗಳನ್ನು ಒಂದೇ ಸಲಕ್ಕೆ ಹುಡುಕುವ ಪಿಸಿಆರ್ ಪ್ಯಾನೆಲ್‌ನ ವರದಿ. ಅದಕ್ಕೆ ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ, ಮತ್ತು ಅದನ್ನು ಓದಿದ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಿರುವುದಿಲ್ಲ.

ಕಳೆದ ವರ್ಷ ಅಣ್ಣಿಗೇರಿ ಕಡೆಯ ದಂಪತಿ ಹದಿನಾಲ್ಕು ತಿಂಗಳ ಮಗನನ್ನು ಕರೆತಂದಿದ್ದರು. ತಂದೆ ವರದಿಯನ್ನು ಮೇಜಿನ ಮೇಲಿಟ್ಟು, "ಡಾಕ್ಟರ್ರೀ, ಮೂರು ವೈರಸ್ ಹೊಕ್ಕಾವಂತ್ರೀ. ಮೂರಕ್ಕೂ ಬ್ಯಾರೆ ಬ್ಯಾರೆ ಔಷಧ ಬರದುಕೊಡ್ರಿ" ಎಂದರು. ರೈನೋವೈರಸ್, ಅಡೆನೋವೈರಸ್, ಬೋಕಾವೈರಸ್ ಎಂಬ ಮೂರು ಹೆಸರುಗಳು ಕೆಂಪು ಅಕ್ಷರದಲ್ಲಿದ್ದವು. ತಾಯಿಯ ಮಡಿಲಲ್ಲಿದ್ದ ಹುಡುಗ ಒಂದು ಕೈಯಲ್ಲಿ ಬಿಸ್ಕೀಟು ಹಿಡಿದು, ಇನ್ನೊಂದು ಕೈಯಿಂದ ನನ್ನ ಸ್ಟೆತೊಸ್ಕೋಪನ್ನು ಎಳೆಯುತ್ತಿದ್ದ. ಜ್ವರ ಇರಲಿಲ್ಲ, ಎದೆಯಲ್ಲಿ ಶಬ್ದವಿರಲಿಲ್ಲ, ಉಸಿರಾಟ ನಿಮಿಷಕ್ಕೆ 30ರ ಆಸುಪಾಸಿನಲ್ಲಿತ್ತು. ಅದೇ ವಾರ ಕುಂದಗೋಳದಿಂದ ಬಂದ ಎರಡೂವರೆ ತಿಂಗಳ ಹೆಣ್ಣುಕೂಸಿನ ವರದಿಯಲ್ಲಿ ಇದ್ದದ್ದು ಆರ್‌ಎಸ್‌ವಿ (ಎಳೆಗೂಸುಗಳ ಶ್ವಾಸಕೋಶವನ್ನು ಕಾಡುವ ಒಂದು ವೈರಸ್) ಎಂಬ ಒಂದೇ ಹೆಸರು. ಆ ಕೂಸು ನಿಮಿಷಕ್ಕೆ 70 ಸಲ ಉಸಿರು ಎಳೆಯುತ್ತಿತ್ತು, ಮೊಲೆ ಹಿಡಿದು ಎರಡು ಗುಟುಕು ಕುಡಿಯುವಷ್ಟರಲ್ಲಿ ಬಿಟ್ಟುಬಿಡುತ್ತಿತ್ತು. ನಾಲ್ಕು ದಿನ ಅದನ್ನು ಆಮ್ಲಜನಕದ ಮೇಲೆ ಇಡಬೇಕಾಯಿತು.

ಪಾಲಕರಿಗೆ ನಾನು ಮತ್ತೆ ಮತ್ತೆ ಹೇಳುತ್ತಿರುವುದು, ವರದಿಯಲ್ಲಿರುವ ಹೆಸರುಗಳನ್ನು ಕೂಡಿಸಿ ಕಾಯಿಲೆಯನ್ನು ಅಳೆಯಬೇಡಿ ಎಂಬುದನ್ನೇ. ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್ಸಿನ ಅನುವಂಶಿಕ ವಸ್ತುವಿನ ತುಣುಕನ್ನು. ಆ ತುಣುಕು ಈಗ ಕಾಯಿಲೆ ತರುತ್ತಿರುವ ಜೀವಂತ ವೈರಸ್ಸಿನದೋ, ಹಿಂದಿನ ತಿಂಗಳು ಬಂದುಹೋದದ್ದರ ಉಳಿಕೆಯೋ, ಅಥವಾ ಲಕ್ಷಣವನ್ನೇ ತೋರದೆ ಮೂಗಿನಲ್ಲಿ ಸುಮ್ಮನೆ ಕುಳಿತಿರುವುದರದೋ ಎಂದು ಪರೀಕ್ಷೆ ಹೇಳಲಾರದು. ಸಿದ್ಧಾರೂಢ ಮಠದ ಜಾತ್ರೆ ಮುಗಿದ ಮರುದಿನ ಬೆಳಿಗ್ಗೆ ಆ ಬಯಲಿನಲ್ಲಿ ಬಿದ್ದಿರುವ ಚುರುಮುರಿ ಪೊಟ್ಟಣದ ಕಾಗದಗಳನ್ನು ಎಣಿಸಿ, ಈಗ ಇಲ್ಲಿ ಇಷ್ಟು ಜನ ನೆರೆದಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ರೈನೋವೈರಸ್ಸಿನ ತುಣುಕುಗಳು ನೆಗಡಿ ವಾಸಿಯಾದ ಮೇಲೂ ಎರಡು ಮೂರು ವಾರ ಮೂಗಿನಲ್ಲಿ ಸಿಗಬಹುದು. ಬೋಕಾವೈರಸ್ಸಿನವು ಕೆಲವು ಮಕ್ಕಳಲ್ಲಿ ತಿಂಗಳುಗಟ್ಟಲೆ ಸಿಗುತ್ತವೆ. ಅಮೆರಿಕದ ಯೂಟಾ ರಾಜ್ಯದಲ್ಲಿ 26 ಕುಟುಂಬಗಳ 108 ಜನರ ಮೂಗಿನ ಮಾದರಿಯನ್ನು ಒಂದು ವರ್ಷ ಕಾಲ ಪ್ರತಿ ವಾರ ಪರೀಕ್ಷಿಸಿದಾಗ, ಐದು ವರ್ಷದೊಳಗಿನ ಮಕ್ಕಳಲ್ಲಿ ವರ್ಷದ ಸುಮಾರು ಅರ್ಧದಷ್ಟು ವಾರಗಳಲ್ಲಿ ಒಂದಲ್ಲ ಒಂದು ವೈರಸ್ ಕಂಡುಬಂದಿತ್ತು. ಆ ವಾರಗಳಲ್ಲೆಲ್ಲ ಅವರು ಕಾಯಿಲೆ ಬಿದ್ದಿರಲಿಲ್ಲ.

ಚಿಕ್ಕ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಬರುವುದು ಸಹಜ, ಒಂದೊಂದೂ ಹತ್ತು ಹದಿನಾಲ್ಕು ದಿನ ಎಳೆಯುವುದೂ ಸಹಜ. ನಮ್ಮಲ್ಲಿ ಅವುಗಳಲ್ಲಿ ಬಹಳಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಿಟಿಜಿಟಿ ಮಳೆಯ ದಿನಗಳಲ್ಲೇ ಒತ್ತೊತ್ತಾಗಿ ಬರುತ್ತವೆ. "ಮೂರು ತಿಂಗಳಿಂದ ಅದ ನೆಗಡಿ ಐತ್ರಿ" ಎಂದು ಅಜ್ಜಿಯರು ಹೇಳುವುದು ಒಂದೇ ನೆಗಡಿಯನ್ನಲ್ಲ. ಒಂದರ ಬಾಲ ಹೋಗುವ ಮೊದಲೇ ಇನ್ನೊಂದರ ತಲೆ ಬಂದಿರುತ್ತದೆ, ಮತ್ತು ಆ ಸಂಧಿಯಲ್ಲಿ ಪರೀಕ್ಷೆ ಮಾಡಿಸಿದರೆ ಎರಡರ ಹೆಸರೂ ವರದಿಯಲ್ಲಿ ಬರುತ್ತದೆ. ಅಣ್ಣಿಗೇರಿಯ ಹುಡುಗನ ಅಕ್ಕ ಅಂಗನವಾಡಿಗೆ ಹೋಗುತ್ತಾಳೆ. ಹಿಂದಿನ ತಿಂಗಳು ಅವಳಿಗೂ ಅವನಿಗೂ ಜ್ವರ ಬಂದುಹೋಗಿತ್ತೆಂದು ನಾನು ವಿಚಾರಿಸಿದ ಮೇಲೆ ಅವರ ತಾಯಿ ನೆನಪಿಸಿಕೊಂಡರು.

ಹಾಗಾದರೆ ಎರಡು ವೈರಸ್ ನಿಜವಾಗಿ ಒಟ್ಟಿಗೆ ಸೇರಿದಾಗ ಏನಾಗುತ್ತದೆ? ಇಬ್ಬರು ಕಳ್ಳರು ಒಂದೇ ಮನೆಗೆ ನುಗ್ಗಿದರೆ ನಷ್ಟ ಇಮ್ಮಡಿಯಾಗುತ್ತದೆ ಎಂದು ಪಾಲಕರು ಭಾವಿಸುತ್ತಾರೆ. ಹಲವು ಸಲ ಆಗುವುದು ಇದರ ವಿರುದ್ಧ. ಮೊದಲ ಕಳ್ಳನ ಸಪ್ಪಳಕ್ಕೆ ಓಣಿಯೆಲ್ಲ ಎಚ್ಚರವಾಗಿರುತ್ತದೆ. ವೈರಸ್ ಹೊಕ್ಕ ಜೀವಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದು ತಾಗಿದ ಅಕ್ಕಪಕ್ಕದ ಕೋಶಗಳು ವೈರಸ್ ಬೆಳೆಯದಂತೆ ತಡೆಯುವ ನೂರಾರು ಜೀನ್‌ಗಳನ್ನು ಚಾಲೂ ಮಾಡಿಕೊಳ್ಳುತ್ತವೆ, ಮತ್ತು ಆ ತಡೆ ಹಿಂದಿನಿಂದ ಬರುವ ಬೇರೆ ಜಾತಿಯ ವೈರಸ್ಸಿಗೂ ಅನ್ವಯಿಸುತ್ತದೆ. ಲಂಡನ್ನಿನಲ್ಲಿ 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದದ್ದು, ಒಂದು ವೈರಸ್ ಇನ್ನೊಂದಕ್ಕೆ ಅಡ್ಡಿಯಾಗುವುದೇಕೆ ಎಂದು ಹುಡುಕುತ್ತಿದ್ದಾಗಲೇ.

2009ರಲ್ಲಿ ಎಚ್1ಎನ್1 ಜ್ವರ ಜಗತ್ತಿನೆಲ್ಲೆಡೆ ಹರಡುತ್ತಿದ್ದಾಗ, ಶಾಲೆ ಆರಂಭದ ರೈನೋವೈರಸ್ ಅಲೆ ಜೋರಾಗಿದ್ದ ಫ್ರಾನ್ಸ್ ಮತ್ತು ಸ್ವೀಡನ್‌ಗಳಲ್ಲಿ ಅದು ನಿರೀಕ್ಷೆಗಿಂತ ತಡವಾಗಿ ಏರಿತು. ಅಲ್ಲಿನ ವೈದ್ಯರು ಆಗಲೇ ಇವೆರಡಕ್ಕೂ ಸಂಬಂಧವಿರಬಹುದೆಂದು ಶಂಕಿಸಿದ್ದರು. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಶ್ವಾಸನಾಳದ ಕೋಶಗಳಿಗೆ ಮೊದಲು ರೈನೋವೈರಸ್, ಮೂರು ದಿನಗಳ ನಂತರ ಎಚ್1ಎನ್1 ಸೋಂಕಿಸಿದಾಗ, ಎರಡನೆಯದು ಬಹುಮಟ್ಟಿಗೆ ಬೆಳೆಯಲಿಲ್ಲ. ಇಂಟರ್‌ಫೆರಾನ್ ಪ್ರತಿಕ್ರಿಯೆಯನ್ನು ಔಷಧದಿಂದ ತಡೆದಾಗ ಮಾತ್ರ ಬೆಳೆಯಿತು. ಗ್ಲಾಸ್ಗೋ ನಗರದಲ್ಲಿ ಒಂಬತ್ತು ವರ್ಷಗಳ 44,230 ಪ್ರಕರಣಗಳನ್ನು ಪರಿಶೀಲಿಸಿದವರಿಗೂ ಇನ್‌ಫ್ಲುಯೆಂಜಾ ಎ (ಎಚ್1ಎನ್1 ಸೇರಿದ ಫ್ಲೂ ವೈರಸ್‌ಗಳ ಗುಂಪು) ಏರಿದಾಗ ರೈನೋವೈರಸ್ ಇಳಿಯುವುದು ಕಂಡಿತು.

ಎಲ್ಲ ಜೋಡಿಗಳೂ ಹೀಗೆಯೇ ನಡೆದುಕೊಳ್ಳುತ್ತವೆಂದು ನಾನು ಹೇಳುತ್ತಿಲ್ಲ. ಆರ್‌ಎಸ್‌ವಿ ಮತ್ತು ಮೆಟಾನ್ಯುಮೋವೈರಸ್ ಒಟ್ಟಿಗೆ ಬಂದ ಮಕ್ಕಳಲ್ಲಿ ತೀವ್ರತೆ ಹೆಚ್ಚಿತ್ತೆಂದು ಹೇಳುವ ಅಧ್ಯಯನಗಳಿವೆ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು, ಹುಟ್ಟಿನಿಂದಲೇ ಹೃದಯದ ದೋಷವಿರುವವರು ಮತ್ತು ಮೂರು ತಿಂಗಳೊಳಗಿನ ಕೂಸುಗಳ ವಿಷಯದಲ್ಲಿ ನಾನು ಯಾವ ಸಾಮಾನ್ಯ ನಿಯಮವನ್ನೂ ನೆಚ್ಚುವುದಿಲ್ಲ. ಆಸ್ಪತ್ರೆಗೆ ದಾಖಲಾದ ಮಗುವಿಗೆ ಪ್ಯಾನೆಲ್ ಮಾಡಿಸುವುದರಲ್ಲಿ ಅರ್ಥವೂ ಇದೆ, ಏಕೆಂದರೆ ಇನ್‌ಫ್ಲುಯೆಂಜಾ ಎಂದು ಗೊತ್ತಾದರೆ ಅದಕ್ಕೆ ಔಷಧವುಂಟು, ಮತ್ತು ಯಾವ ಮಗುವನ್ನು ಯಾವ ಮಗುವಿನಿಂದ ದೂರ ಮಲಗಿಸಬೇಕೆಂಬುದು ತಿಳಿಯುತ್ತದೆ. ಓಡಾಡುತ್ತಿರುವ ಮಗುವಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ಇದನ್ನೆಲ್ಲ ಕೇಳಿದ ಒಬ್ಬ ತಂದೆ, ನೆಗಡಿಯಿದ್ದರೆ ಫ್ಲೂ ಬರುವುದಿಲ್ಲವಲ್ಲ, ಹಾಗಿದ್ದರೆ ಫ್ಲೂ ಲಸಿಕೆ ಏಕೆ ಎಂದು ಕೇಳಿದರು. ಇಂಟರ್‌ಫೆರಾನಿನ ಕಾವಲು ಕೆಲವು ದಿನಗಳದು, ಹೆಚ್ಚೆಂದರೆ ಒಂದೆರಡು ವಾರಗಳದು. ಅದು ಇಳಿದ ಮೇಲೆ ಬಾಗಿಲು ಮೊದಲಿನಂತೆಯೇ ತೆರೆದಿರುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಮಳೆಗಾಲಕ್ಕೆ ಮೊದಲು ಆ ಲಸಿಕೆ ಹಾಕಿಸಿ ಎಂದೇ ನಾನು ಹೇಳುತ್ತೇನೆ, ಮತ್ತು ನೆಗಡಿಯಾದ ಮಕ್ಕಳ ಜೊತೆ ಬೇಕೆಂದೇ ಆಡಲು ಬಿಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ ಎಂದೂ ಹೇಳುತ್ತೇನೆ.

ನಾನು ನಿಜವಾಗಿ ಅಂಜುವ ಜೋಡಿ ಬೇರೆ ಇದೆ: ವೈರಸ್ಸಿನ ಹಿಂದೆ ಬರುವ ಬ್ಯಾಕ್ಟೀರಿಯ. ಇನ್‌ಫ್ಲುಯೆಂಜಾ ಶ್ವಾಸನಾಳದ ಒಳಪದರವನ್ನು ಕೆಡಿಸಿದ ಮೇಲೆ, ಮೂಗಿನಲ್ಲಿ ಮೊದಲೇ ಇದ್ದ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯ ಶ್ವಾಸಕೋಶಕ್ಕೆ ಇಳಿಯುವ ದಾರಿ ಸುಲಭವಾಗುತ್ತದೆ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಇಂಥ ಬ್ಯಾಕ್ಟೀರಿಯದ ನ್ಯುಮೋನಿಯಾ. ನಮ್ಮ ಸರಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುವ ಪಿಸಿವಿ, ಅಂದರೆ ನ್ಯುಮೊಕಾಕಸ್ ವಿರುದ್ಧದ ಲಸಿಕೆ, ಇದಕ್ಕಾಗಿಯೇ ಇದೆ. ಈ ಜೋಡಿಯನ್ನು ಮೂಗಿನ ಪ್ಯಾನೆಲ್ ಹಿಡಿಯುವುದು ಕಷ್ಟ, ತಾಯಿ ಹಿಡಿಯಬಲ್ಲಳು: ಜ್ವರ ಬಿಟ್ಟು ಒಂದೆರಡು ದಿನ ಮಗು ಗೆಲುವಾಗಿದ್ದು, ಆಮೇಲೆ ಮತ್ತೆ ಏರಿದರೆ ಆ ದಿನವೇ ಕರೆತರಬೇಕು. ಆಂಟಿಬಯೋಟಿಕ್ಕಿಗೆ ಕೆಲಸವಿರುವುದು ಇಂಥಲ್ಲಿ. ಮೊದಲ ದಿನದ ನೆಗಡಿಗೆ ಮೆಡಿಕಲ್ ಅಂಗಡಿಯಿಂದ ತಂದು ಕುಡಿಸಿದ ಅರ್ಧ ಬಾಟಲಿಯಿಂದ ಏನೂ ಆಗದು.

ಅಣ್ಣಿಗೇರಿಯ ದಂಪತಿಗೆ ನಾನು ಔಷಧವಾಗಿ ಬರೆದುಕೊಟ್ಟದ್ದು ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಮಾತ್ರ. ಉಸಿರು ಎಣಿಸುವುದನ್ನು ಮಾತ್ರ ಇಬ್ಬರಿಗೂ ಕಲಿಸಿಕೊಟ್ಟೆ. ಮಗು ಮಲಗಿದ್ದಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ, ಇಲ್ಲವೇ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ಹೊತ್ತು ನೋಡದೆ ಬರಬೇಕು. ಆಗಸ್ಟ್ ತಿಂಗಳ ಒಂದು ರಾತ್ರಿ ಹತ್ತೂವರೆಗೆ ಆ ತಾಯಿಯಿಂದ ವಾಟ್ಸಾಪ್ ಬಂತು. ಈ ಸಲ ವರದಿಯ ಚಿತ್ರವಿರಲಿಲ್ಲ. ಅಂಗಿ ಎತ್ತಿದ ಎದೆಯ ಒಂದು ನಿಮಿಷದ ವಿಡಿಯೋ, ಕೆಳಗೆ "54 ಆಗೇತ್ರಿ" ಎಂಬ ಒಂದು ಸಾಲು ಇತ್ತು. ಕೂಡಲೇ ಹೊರಡಿ ಎಂದು ಬರೆದು ನಾನೂ ದವಾಖಾನೆಗೆ ಹೊರಟೆ.