ಕೋಚಿಂಗ್ ಇಲ್ಲದೆ ಕ್ಯಾಟ್‌ಗೆ ಓದಬಹುದಾ?

ಪ್ರಶ್ನೆ: ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಎಂಬಿಎ ಮಾಡುವ ಆಸೆ. ಅದರ ಪ್ರವೇಶ ಪರೀಕ್ಷೆ ಕ್ಯಾಟ್ ಅನ್ನು ಮನೆಯಲ್ಲೇ ಓದಿ ಬರೆಯಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಬರೆಯಬಹುದು. ಆದರೆ ಮೊದಲೇ ರಾಶಿ ಪುಸ್ತಕ ತರಬೇಡಿ. ಈ ಭಾನುವಾರವೇ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಏನೂ ಓದದೆ ಯಾಕೆ ಅನ್ನಿಸಬಹುದು. ಅಂಕ ಕಡಿಮೆ ಬಂದರೂ ಪರವಾಗಿಲ್ಲ. ಎಲ್ಲಿ ಎಡವುತ್ತೇವೆ ಅಂತ ಗೊತ್ತಿಲ್ಲದಿದ್ದರೆ ಬರುವುದನ್ನೇ ಮತ್ತೆ ಮತ್ತೆ ಓದುತ್ತಾ ಕೂರುತ್ತೇವೆ.

ಪರೀಕ್ಷೆ ಎರಡು ಗಂಟೆಯದು. ಇಂಗ್ಲಿಷ್, ದತ್ತಾಂಶ ಮತ್ತು ತರ್ಕ, ಗಣಿತ, ಒಂದೊಂದಕ್ಕೂ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಸರಿ ಉತ್ತರಕ್ಕೆ 3 ಅಂಕ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ ತಪ್ಪಿದರೆ 1 ಅಂಕ ಹೋಗುತ್ತದೆ. ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಗಳಿಗೆ ಈ ಕಡಿತ ಇಲ್ಲ.

ನಿಮಗೆ ಭಯ ಇರುವುದು ಇಂಗ್ಲಿಷ್‌ದು, ಅಲ್ವಾ? ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜನ ಹೆದರಿ, ಪದಗಳ ಪಟ್ಟಿ ಉರು ಹೊಡೆಯುತ್ತಾರೆ. ಅದರಿಂದ ಜಾಸ್ತಿ ಉಪಯೋಗ ಇಲ್ಲ. 2024ರಲ್ಲಿ ಈ ಭಾಗದ 24 ಪ್ರಶ್ನೆಗಳಲ್ಲಿ 16 ಬಂದದ್ದು ಗದ್ಯ ಓದಿ ಉತ್ತರಿಸುವ ರೀತಿಯವು. ಹಾಗಾಗಿ ದಿನಕ್ಕೊಂದು ಉದ್ದದ ಲೇಖನ ಓದಿ. ಇತಿಹಾಸ, ಅರ್ಥಶಾಸ್ತ್ರ, ತತ್ವಶಾಸ್ತ್ರ, ನಿಮಗೆ ಪರಿಚಯವೇ ಇಲ್ಲದ ವಿಷಯ ಇರಲಿ. ಓದಿ ಮುಚ್ಚಿಟ್ಟು, ಬರೆದವರ ವಾದ ಏನು ಅಂತ ಕನ್ನಡದಲ್ಲೇ ಎರಡು ವಾಕ್ಯ ಹೇಳಿಕೊಳ್ಳಿ. ಹೇಳಲು ಬರಲಿಲ್ಲ ಅಂದರೆ ಅರ್ಥವಾಗಿಲ್ಲ, ಮತ್ತೆ ಓದಿ. ಈ ಅಭ್ಯಾಸ ಕೂರಲು ತಿಂಗಳುಗಳೇ ಬೇಕು. ಅದಕ್ಕೇ ಇದನ್ನು ಮೊದಲ ದಿನದಿಂದಲೇ ಶುರು ಮಾಡಿ.

ಗಣಿತಕ್ಕೆ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚಿನ ಒಂದು ಗಂಟೆ ಸಾಕು. ಶೇಕಡಾ, ಅನುಪಾತ, ಲಾಭ-ನಷ್ಟ, ಕಾಲ-ವೇಗ ಮೊದಲು, ಬೀಜಗಣಿತ ಆಮೇಲೆ. ಬಹುಪಾಲು ಹೈಸ್ಕೂಲಿನಲ್ಲಿ ಕಲಿತದ್ದೇ.

ತರ್ಕದ ಭಾಗಕ್ಕೆ ಪಾಠಕ್ಕಿಂತ ಆರಿಸುವ ಕಣ್ಣು ಮುಖ್ಯ. ಪ್ರಶ್ನೆಗಳು ಗುಂಪುಗುಂಪಾಗಿ ಬರುತ್ತವೆ. ಮೊದಲ ಕೆಲವು ನಿಮಿಷ ಎಲ್ಲ ಗುಂಪುಗಳನ್ನೂ ಸುಮ್ನೆ ಓದಿ, ಕೈಗೆ ಹತ್ತುವುದನ್ನು ಮಾತ್ರ ಹಿಡಿಯಿರಿ. ಬಿಟ್ಟದ್ದಕ್ಕೆ ಅಂಕ ಕಳೆಯುವುದಿಲ್ಲ.

ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯ ವಾರಗಳಲ್ಲಿ. ಆಗಸ್ಟ್‌ನಿಂದ ಪ್ರತಿ ಶನಿವಾರ ಒಂದು ಮಾಕ್ ಟೆಸ್ಟ್ (ಅಭ್ಯಾಸಕ್ಕೆ ಬರೆಯುವ ಮಾದರಿ ಪರೀಕ್ಷೆ) ಬರೆದು, ಭಾನುವಾರವನ್ನು ಪೂರ್ತಿ ಅದರ ತಪ್ಪುಗಳಿಗೆ ಕೊಡಿ. ಒಂದು ನೋಟ್‌ಬುಕ್ ಇಡಿ. ಗೊತ್ತಿಲ್ಲದೆ ತಪ್ಪಿದ್ದು ಒಂದು ಕಡೆ, ಬಿಡಬೇಕಿದ್ದ ಪ್ರಶ್ನೆಗೆ ಅಂಟಿಕೊಂಡು ಸಮಯ ಕಳೆದದ್ದು ಇನ್ನೊಂದು ಕಡೆ. ಮುಂದಿನ ವಾರದ ಟೈಮ್‌ಟೇಬಲ್ ಆ ನೋಟ್‌ಬುಕ್ಕಿನಿಂದಲೇ ಬರಲಿ. ತಪ್ಪು ನೋಡದೆ ಮಾಕ್ ಮೇಲೆ ಮಾಕ್ ಬರೆಯುವುದು ನನ್ನ ಪ್ರಕಾರ ದೊಡ್ಡ ನಷ್ಟ.

ಪರೀಕ್ಷೆ ಒಂದೇ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಪಾಳಿಯಲ್ಲಿ ನಡೆಯುತ್ತದೆ. ಪ್ರವೇಶಪತ್ರ ಬಂದ ಮೇಲೆ ನಿಮ್ಮ ಪಾಳಿಯ ಹೊತ್ತಿಗೇ ಕೂತು ಉಳಿದ ಮಾಕ್‌ಗಳನ್ನು ಬರೆಯಿರಿ.