ಒಂದೇ ಗಡ್ಡೆ, ಆದರೂ ಮೈಯೆಲ್ಲಾ ಸ್ಕ್ಯಾನ್ ಯಾಕೆ?

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆ ಒಂದು ಕಾಫಿ ತೋಟದ ರೈಟರು (ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಎಂಟು ತಿಂಗಳು ಬೆನ್ನುನೋವು ಹೊತ್ತುಕೊಂಡೇ ಓಡಾಡಿದರು. ಮೂಟೆ ಎತ್ತಿದಾಗ ಹಿಡಿದಿರಬೇಕು ಅಂತ ಎಣ್ಣೆ ತಿಕ್ಕಿಸಿದರು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು. ರಾತ್ರಿ ಮಲಗಿದರೆ ನೋವು ಇನ್ನೂ ಜಾಸ್ತಿ. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು.

ಮೊದಲು ನೋಡಿದ ಡಾಕ್ಟರು ಮೂಳೆ ಟಿಬಿ ಎಂದು ಔಷಧಿ ಶುರು ಮಾಡಿದರು. ನಮ್ಮ ಕಡೆ ಅದು ತಲೆಬುಡವಿಲ್ಲದ ಊಹೆಯೇನಲ್ಲ. ಆದರೆ ಟಿಬಿ ಸಾಮಾನ್ಯವಾಗಿ ಎರಡು ಮಣಿಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ. ಇಲ್ಲಿ ಡಿಸ್ಕ್ ಚೆನ್ನಾಗಿಯೇ ಇತ್ತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೆ ರಿಪೋರ್ಟಿನಲ್ಲಿ ಬಂದ ಹೆಸರು ‘ಸಾಲಿಟರಿ ಪ್ಲಾಸ್ಮಾಸೈಟೋಮಾ’.

‘ಸಾಲಿಟರಿ ಅಂದ್ರೆ ಒಂದೇ ಅಲ್ವಾ? ಮತ್ತೆ ಮೈಯೆಲ್ಲಾ ಸ್ಕ್ಯಾನ್ ಯಾಕೆ?’ ಅಂತ ಅವರು ಕೇಳಿದರು. ಈ ಕಾಯಿಲೆಯ ಇತಿಹಾಸ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಪ್ಲಾಸ್ಮಾ ಕೋಶ ಬಿಳಿ ರಕ್ತಕಣದ ಜಾತಿಗೆ ಸೇರಿದ್ದು. ಮೂಳೆಯೊಳಗಿನ ಮಜ್ಜೆಯಲ್ಲೂ ಇರುತ್ತದೆ. ರೋಗಾಣುಗಳ ಜೊತೆ ಹೋರಾಡುವ ಪ್ರತಿಕಾಯ ತಯಾರಿಸುವುದು ಅದರ ಕೆಲಸ. ಯಾವುದೋ ಒಂದು ಕೋಶ ದಾರಿ ತಪ್ಪಿ ತನ್ನಂಥದ್ದನ್ನೇ ಲೆಕ್ಕವಿಲ್ಲದಷ್ಟು ಹುಟ್ಟಿಸಿತು ಅಂತಿಟ್ಟುಕೊಳ್ಳಿ. ಅವು ಮಜ್ಜೆಯ ತುಂಬ ಹರಡಿದರೆ ಅದು ಮಲ್ಟಿಪಲ್ ಮೈಲೋಮಾ. ಒಂದೇ ಕಡೆ ಗಡ್ಡೆ ಕಟ್ಟಿಕೊಂಡು ಕೂತರೆ ಪ್ಲಾಸ್ಮಾಸೈಟೋಮಾ. ಪ್ಲಾಸ್ಮಾ ಕೋಶದ ಕ್ಯಾನ್ಸರುಗಳಲ್ಲಿ ಇಂಥ ಒಂಟಿ ಗಡ್ಡೆ ನೂರಕ್ಕೆ ಐದರಷ್ಟೂ ಇಲ್ಲ. ಹೆಚ್ಚಾಗಿ ಐವತ್ತು ದಾಟಿದವರಿಗೆ, ಅದರಲ್ಲೂ ಗಂಡಸರಿಗೆ ಬರುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಒಂಟಿ ಗಡ್ಡೆಯಲ್ಲ, ಹರಡಿದ ಕಾಯಿಲೆ. 1845ರಲ್ಲಿ ಲಂಡನ್ನಿನ ಒಬ್ಬ ದಿನಸಿ ವ್ಯಾಪಾರಿ ಮೂಳೆನೋವಿನಿಂದ ನರಳುತ್ತಿದ್ದ. ಅವನ ಮೂತ್ರ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯನ ಕೈಗೆ ಬಂತು. ಅದರ ಆಟ ವಿಚಿತ್ರವಾಗಿತ್ತು. ಬಿಸಿ ಮಾಡಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು, ಕುದಿಯುವಾಗ ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿ! ಆ ಪ್ರೋಟೀನಿಗೆ ಇವತ್ತಿಗೂ ಅವನದೇ ಹೆಸರು. 1873ರಲ್ಲಿ ರಷ್ಯಾದ ವೈದ್ಯ ರುಸ್ಟಿಜ್‌ಕಿ ‘ಮಲ್ಟಿಪಲ್ ಮೈಲೋಮಾ’ ಎಂಬ ಹೆಸರು ಕೊಟ್ಟ. ಆದರೆ ಗಡ್ಡೆಯಲ್ಲಿರುವುದು ಯಾವ ಕೋಶ ಅನ್ನುವುದು ಆಗ ಗೊತ್ತಿರಲಿಲ್ಲ. ಅದು ಪ್ಲಾಸ್ಮಾ ಕೋಶ ಎಂದು ತೋರಿಸಿದವನು ಅಮೆರಿಕದ ಜೇಮ್ಸ್ ಹೋಮರ್ ರೈಟ್, 1900ರಲ್ಲಿ. ಮೈಕ್ರೋಸ್ಕೋಪಿನಲ್ಲಿ ಅದನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಬೀಜಕೇಂದ್ರ ಒಂದು ಮೂಲೆಗೆ ಸರಿದಿರುತ್ತದೆ, ಒಳಗಡೆ ಗಾಡಿ ಚಕ್ರದ ಅರೆಗಳಂಥ ಗೆರೆಗಳು.

1895ರಲ್ಲೇ ಎಕ್ಸ್‌ರೇ ಬಂದಿತ್ತು. ಅದರಲ್ಲಿ ಒಂದೇ ಮೂಳೆಯಲ್ಲಿ ತೂತು ಕಂಡರೆ, ಅಲ್ಲಿಂದ ತೆಗೆದ ಚೂರಿನಲ್ಲಿ ಈ ಕೋಶಗಳಿದ್ದರೆ, ‘ಒಂದೇ ಗಡ್ಡೆ’ ಎಂದು ಬರೆದುಬಿಡುತ್ತಿದ್ದರು. ತೊಂದರೆ ಇದ್ದದ್ದು ಎಕ್ಸ್‌ರೇಯ ಕಣ್ಣಿನಲ್ಲೇ. ಮೂಳೆಯ ಸುಣ್ಣದಂಶ ಮೂರರಲ್ಲಿ ಒಂದು ಪಾಲಿನಷ್ಟು ಕರಗುವ ತನಕ ಅದಕ್ಕೆ ಏನೂ ಕಾಣುವುದಿಲ್ಲ. ಒಂದೇ ಎಂದು ನಂಬಿ ಚಿಕಿತ್ಸೆ ಮುಗಿಸಿದ ಎಷ್ಟೋ ಜನ ಕೆಲವು ವರ್ಷ ಬಿಟ್ಟು ಮೈಲೋಮಾ ಹೊತ್ತುಕೊಂಡು ವಾಪಸ್ ಬಂದರು.

ಅರೇಬಿಕಾ ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಗಿಡ ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಹುಳ ಒಳಗೆ ಸುರಂಗ ಕೊರೆದಾಗಿರುತ್ತದೆ. ಒಂದು ಗಿಡ ಸಿಕ್ಕಿತು ಅಂದರೆ ರೈಟರು ಅದೊಂದನ್ನೇ ಕಿತ್ತು ಸುಡಿಸಿ ಸುಮ್ನೆ ಕೂರುವುದಿಲ್ಲ. ಬ್ಲಾಕಿನ ಗಿಡಗಳನ್ನೆಲ್ಲ ತಡವಿ, ಕಾಂಡದಲ್ಲಿ ಉಬ್ಬು ಇದೆಯಾ ಅಂತ ನೋಡಿಸುತ್ತಾರೆ. ಇದನ್ನು ಹೇಳಿದ ಮೇಲೆ ನಮ್ಮ ರೈಟರು ಸ್ಕ್ಯಾನಿನ ಬಗ್ಗೆ ಮತ್ತೆ ತಕರಾರು ಎತ್ತಲಿಲ್ಲ.

ವೈದ್ಯರು ಮಾಡಿದ್ದೂ ಅದನ್ನೇ. ಬಲಗಣ್ಣಿಗೆ ಕಾಣದ್ದು ಎಡಗಣ್ಣಿಗೆ ಕಂಡೀತು ಅನ್ನುವ ಹಾಗೆ ಒಂದೊಂದೇ ಪರೀಕ್ಷೆ ಸೇರುತ್ತಾ ಬಂತು. 1929ರಲ್ಲಿ ರಷ್ಯಾದ ವೈದ್ಯ ಅರಿಂಕಿನ್ ಎದೆಮೂಳೆಗೆ ಸೂಜಿ ಚುಚ್ಚಿ ಮಜ್ಜೆ ಎಳೆಯುವ ದಾರಿ ತೋರಿಸಿದ. 1939ರಲ್ಲಿ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ನೋಡಿದಾಗ ಮೈಲೋಮಾ ರೋಗಿಗಳ ಗ್ರಾಫಿನಲ್ಲಿ ಮುಳ್ಳಿನಂಥ ಏರು ಕಂಡಿತು. ಇವತ್ತು ಅದನ್ನು ‘ಎಂ ಪ್ರೋಟೀನ್’ ಅನ್ನುತ್ತಾರೆ. ಆಮೇಲೆ ಎಂಆರ್‌ಐ, ಪೆಟ್ ಸ್ಕ್ಯಾನ್. ಎಕ್ಸ್‌ರೇಯಲ್ಲಿ ಒಂಟಿಯಾಗಿ ಕಂಡಿದ್ದವರಲ್ಲಿ ಹಲವರಿಗೆ ಎಂಆರ್‌ಐ ಬೇರೆ ಕಡೆಯೂ ಗಡ್ಡೆ ತೋರಿಸಿತು.

2014ರಲ್ಲಿ ಅಂತರರಾಷ್ಟ್ರೀಯ ಮೈಲೋಮಾ ತಜ್ಞರ ಗುಂಪು ಈ ‘ಒಂದೇ’ಯನ್ನೂ ಎರಡಾಗಿ ಸೀಳಿತು. ಮಜ್ಜೆ ಪೂರ್ತಿ ಶುದ್ಧವಿದ್ದರೆ ಮೂರು ವರ್ಷದಲ್ಲಿ ಮೈಲೋಮಾಕ್ಕೆ ತಿರುಗುವುದು ನೂರರಲ್ಲಿ ಸುಮಾರು 10 ಜನರಿಗೆ. ಮಜ್ಜೆಯಲ್ಲಿ ಇದೇ ಕೋಶಗಳು ಶೇಕಡಾ 10ಕ್ಕಿಂತ ಕಡಿಮೆ ಇದ್ದರೂ ಸರಿ, ಮೂಳೆಯ ಗಡ್ಡೆಯಾದರೆ ಆ ಲೆಕ್ಕ ಸುಮಾರು 60ಕ್ಕೆ ಏರುತ್ತದೆ. ಇಷ್ಟು ವ್ಯತ್ಯಾಸ ಇರುವಾಗ ಮಜ್ಜೆ ಪರೀಕ್ಷೆ ಬೇಡ ಅನ್ನುವುದು ನನ್ನ ಪ್ರಕಾರ ದುಬಾರಿ ಸಂಕೋಚ.

ಮೂಳೆಯ ಹೊರಗೆ, ಮೆದು ಭಾಗದಲ್ಲಿ ಆಗುವ ಗಡ್ಡೆಯ ಹಣೆಬರಹ ಸ್ವಲ್ಪ ಒಳ್ಳೆಯದು. 1905ರಲ್ಲಿ ಜರ್ಮನಿಯ ವೈದ್ಯ ಶ್ರಿಡ್ಡೆ ಇದನ್ನು ಬೇರೆಯಾಗಿ ವಿವರಿಸಿದ. ನೂರರಲ್ಲಿ 80ರಷ್ಟು ಮೂಗು, ಸೈನಸ್, ಗಂಟಲಿನ ಕಡೆಯೇ ಆಗುತ್ತವೆ. ಮೂಗು ಕಟ್ಟುತ್ತದೆ, ಆಗಾಗ ರಕ್ತ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿದ ಮೂಗನ್ನು ಯಾರು ತಾನೇ ತಲೆಗೆ ಹಚ್ಚಿಕೊಳ್ಳುತ್ತಾರೆ? ಆದರೂ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿದ್ದರೆ ತೋರಿಸಬೇಕು. ಇಂಥವು ಮೈಲೋಮಾಕ್ಕೆ ತಿರುಗುವುದು ಕಡಿಮೆ. ಮೂಳೆಯ ಗಡ್ಡೆಯಾದರೆ ಹತ್ತು ವರ್ಷದಲ್ಲಿ ಅರ್ಧದಷ್ಟು ಜನರಿಗೆ, ಇನ್ನೂ ಹೆಚ್ಚಿಗೂ, ತಿರುಗುತ್ತದೆ.

ಎರಡಕ್ಕೂ ಮುಖ್ಯ ಚಿಕಿತ್ಸೆ ರೇಡಿಯೇಷನ್, ನಮ್ಮೂರಿನ ಮಾತಿನಲ್ಲಿ ‘ಕರೆಂಟ್ ಕೊಡಿಸೋದು’. ಒಟ್ಟು 40ರಿಂದ 50 ಗ್ರೇ (ರೇಡಿಯೇಷನ್ ಅಳೆಯುವ ಮಾನ), ದಿನಕ್ಕೆ ಸ್ವಲ್ಪ ಸ್ವಲ್ಪ, ವಾರಕ್ಕೆ ಐದು ದಿನ. ನಮ್ಮ ರೈಟರಿಗೆ 25 ಸಲ ಆಯಿತು. ಐದು ವಾರ ಬೆಂಗಳೂರಿನಲ್ಲಿ ನೆಂಟರ ಮನೆ. ಬೆನ್ನ ಮೇಲೆ ನೇರಳೆ ಇಂಕಿನ ಗುರುತು ಹಾಕಿ, ಸ್ನಾನದಲ್ಲಿ ಉಜ್ಜಬೇಡಿ ಎಂದಿದ್ದರಂತೆ. ನೋವು ಮೂರನೇ ವಾರಕ್ಕೇ ಇಳಿದಿತ್ತು.

ಗ್ರಾಫಿನ ಆ ಮುಳ್ಳು ಚಿಕಿತ್ಸೆ ಮುಗಿದು ವರ್ಷವಾದರೂ ಉಳಿದರೆ ಎಲ್ಲೋ ಇನ್ನೊಂದು ಗುಂಪು ಅಡಗಿರಬಹುದು. ಹಾಗಾಗಿ ಅವರದ್ದು ಆಗಾಗ ರಕ್ತ ಪರೀಕ್ಷೆ. ಮೊದಮೊದಲು ರಿಪೋರ್ಟಿನ ಗ್ರಾಫಿನಲ್ಲಿ ಗುಡ್ಡದಂಥ ಉಬ್ಬಿನ ಪಕ್ಕ ಒಂದು ಸಣ್ಣ ಮೊನೆ ಇತ್ತು. ಕಳೆದ ಸಲ ಅದು ಇರಲಿಲ್ಲ. ಮುಂದಿನ ಪರೀಕ್ಷೆ ಹಣ್ಣು ಕೊಯ್ಲಿಗೆ ಮೊದಲು. ತಾರೀಖನ್ನು ಅವರು ಮಸ್ಟರ್ ರೋಲ್ ಪುಸ್ತಕದ ಒಳರಟ್ಟಿನಲ್ಲಿ ಬರೆದಿಟ್ಟುಕೊಂಡಿದ್ದಾರೆ.